ಮನೆಯಾಗ ಕೂತು ಆನ್‌ಲೈನ್ ಬಿಎಸ್ಸಿ ಮಾಡಬಹುದೇನು?

ತಂಗಿ ಪಿಯುಸಿ ಸೈನ್ಸ್ ಮುಗಿಸ್ಯಾಳ, ವಾಡಿಯಿಂದ ಕಲಬುರಗಿಗೆ ದಿನಾ ರೈಲಿನ್ಯಾಗ ಓಡಾಡೂದು ಬ್ಯಾಡ, ಮನೆಯಾಗ ಕೂತು ಆನ್‌ಲೈನ್ ಬಿಎಸ್ಸಿ ಮಾಡಿದ್ರ ನಡೀತದೇನು ಅಂತ ಕೇಳೀರಿ. ಲ್ಯಾಬ್ ಇರೋ ಬಿಎಸ್ಸಿ ಆದ್ರ ನಡೆಯೂದಿಲ್ಲರಿ. ನಾನು ಕಲಬುರಗಿಯ ಡಿಗ್ರಿ ಕಾಲೇಜೊಂದರಾಗ ಫಿಸಿಕ್ಸ್ ಕಲಿಸ್ತೀನಿ. ತನ್ನ ನೌಕರಿ ಉಳಿಸ್ಕೊಳ್ಳಾಕ ಹಿಂಗ ಹೇಳ್ತಾನ ಅನ್ಕೋಬ್ಯಾಡ್ರಿ, ನಿಯಮಾನೇ ಹಂಗದ. ಲ್ಯಾಬ್ ಕಡ್ಡಾಯ ಇರೋ ಪದವೀನ ಪೂರ್ತಿ ಆನ್‌ಲೈನ್ ನಡಸ್ಲಿಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮ ಬಿಡೂದಿಲ್ಲ.

ಬಿಎ, ಬಿಕಾಂ ಆದ್ರ ಮಾತು ಬ್ಯಾರೆ. ಮಾನ್ಯತೆ ಇರೋ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಾಗೇ ಹೇಳ್ಯದ. ನೌಕರಿ ಮಾಡ್ಕೋತ ಓದೋರಿಗೆ ಛಲೋ. ಏಜೆಂಟರ ಮಾತು ಮಾತ್ರ ಕೇಳಬ್ಯಾಡ್ರಿ, ಯುಜಿಸಿ ಪಟ್ಟಿಯಾಗ ಆ ವರ್ಷಕ್ಕೆ ಆ ಕೋರ್ಸ್ ಅದನೋ ಇಲ್ಲೋ ನೀವೇ ನೋಡ್ಕೋರಿ.

ತಂಗೀನ ಕಾಲೇಜಿಗೇ ಹಚ್ರಿ. ಐಐಟಿ ಪ್ರೊಫೆಸರ್ ವಿಡಿಯೋದಾಗ ಕ್ವಾಂಟಂ ಮೆಕ್ಯಾನಿಕ್ಸ್ ಹೇಳೂದು ನನಗಿಂತ ಛಲೋನೇ ಇರ್ತದ, ಇದ್ದದ್ದು ಇದ್ದಂಗ ಹೇಳಬೇಕು. ಆದ್ರ ಸೋಡಿಯಂ ದೀಪದ ಹಳದಿ ಗೆರೆ ನೋಡ್ರಿ. ಅದು ಒಂದಲ್ಲ, ಎರಡು: 589.0 ಮತ್ತು 589.6 ನ್ಯಾನೋಮೀಟರ್. ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸೋ ಗ್ರೇಟಿಂಗ್ ನೆಟ್ಟಗ ಇಟ್ಟು, ಬೆಳಕು ಒಳಗ ಬರೋ ಸೀಳು, ಅಂದ್ರ ಸ್ಲಿಟ್, ಸಣ್ಣ ಮಾಡ್ಕೋತ, ಫೋಕಸ್ ತಿರುವ್ಕೋತ ಹೋದಾಗ ಗೆರೆ ಸೀಳಿ ಕಾಣ್ತದ. ಸ್ಲಿಟ್ ಅತೀ ಸಣ್ಣ ಆದ್ರ ಬೆಳಕೇ ಇಲ್ಲ, ದೊಡ್ಡದಾದ್ರ ಎರಡೂ ಕೂಡಿಬಿಡ್ತಾವ. ಹುಡುಗೂರು ಒಂದು ತಾಸು ಒದ್ದಾಡ್ತಾರ, ಸಿಟ್ಟಿಗೇಳ್ತಾರ. ವಿಡಿಯೋದಾಗ ಗೆರೆ ಮೊದ್ಲೇ ಸೀಳಿರ್ತದ. ಕನ್ನಡ ಮಾಧ್ಯಮದಿಂದ ಬಂದೋರಿಗೆ ತಿಳೀದಿದ್ದಾಗ ಕನ್ನಡದಾಗ ಇನ್ನೊಮ್ಮೆ ಹೇಳೋವ್ರೂ ಎದುರಿಗೆ ಬೇಕು.

ಹಂಗಂತ ಆನ್‌ಲೈನ್ ಬಿಡಬ್ಯಾಡ್ರಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸಿನ ವೇದಿಕೆ ‘ಸ್ವಯಂ’ನಿಂದ ಒಂದು ಸೆಮಿಸ್ಟರಿನ 40% ಕೋರ್ಸ್ ತನಕ ಮಾಡಿ ಪದವಿಗೆ ಲೆಕ್ಕಕ್ಕೆ ಬರೋ ಕ್ರೆಡಿಟ್ ತಗೋಬಹುದು ಅಂತ 2021ರ ನಿಯಮ ಅದ. ಕಾಲೇಜಿನ್ಯಾಗ ಇದನ್ನ ಯಾರೂ ಕರೆದು ಹೇಳೂದಿಲ್ಲ. ಆದ್ರ ಅದು ಮೇಲಿನ ಮಿತಿ ಅಷ್ಟೇ. ಯಾವ ಕೋರ್ಸ್ ಒಪ್ಪಬೇಕು ಅಂತ ನಿಮ್ಮ ವಿಶ್ವವಿದ್ಯಾಲಯ, ಅಂದ್ರ ಗುಲಬರ್ಗಾ ವಿಶ್ವವಿದ್ಯಾಲಯದ ಕಾಲೇಜಿದ್ರ ಅವರು, ಠರಾವು ಮಾಡಬೇಕು. ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡ್ಕೊಂಡು ಹೋಗಿ ಕೇಳಿದ್ರ ಉಪಯೋಗಿಲ್ಲ. ಮೊದ್ಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ಉತ್ತರ ಬರವಣಿಗೆಯಾಗೇ ತಗೋರಿ.

ಸ್ವಯಂದಾಗಿರೋ, ಐಐಟಿಗಳು ಕೂಡಿ ನಡಸೋ ಎನ್‌ಪಿಟಿಇಎಲ್ ಕೋರ್ಸಿಗೆ ಸೇರ್ಲಿಕ್ಕೆ ರೊಕ್ಕ ಇಲ್ಲ, ಪರೀಕ್ಷೆಗೆ ಮಾತ್ರ ಫೀ. ವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪರೀಕ್ಷೆ ಮನೆಯಾಗಲ್ಲ, ಕೇಂದ್ರಕ್ಕೇ ಹೋಗಿ ಬರೀಬೇಕು. ಮೊದಲ ಸೆಮಿಸ್ಟರಿನ್ಯಾಗ ಏನೂ ಹಚ್ಚಬ್ಯಾಡ್ರಿ, ಓಡಾಟ ರೂಢಿ ಆಗ್ಲಿ. ಜನವರಿ ಬ್ಯಾಚಿನ್ಯಾಗ ಒಂದೇ ಕೋರ್ಸ್ ತಗೊಂಡು, ವಿಡಿಯೋ ಮನೆಯಾಗ ಇಳಿಸ್ಕೊಂಡು ಬರ್ಲಿ. ರೈಲು ಕಲಬುರಗಿ ಮುಟ್ಟೂದ್ರೊಳಗ ಒಂದು ಪಾಠ ಆಗ್ತದ, ಕೂಡ್ಲಿಕ್ಕೆ ಸೀಟ್ ಸಿಕ್ರ.