ಸರ್ಕಾರಿ ಅಂಗಡಿಯಲ್ಲಿ ದುಬಾರಿ ವೈನ್ ಅಗ್ಗಕ್ಕೆ ಹೇಗೆ ಸಿಗುತ್ತದೆ? ಕುಷ್ಟಗಿ ತಮ್ಮನಿಗೆ ಉತ್ತರ

ನಿನ್ನೆ ರಾತ್ರಿ ಕುಷ್ಟಗಿ ಕಡೆಯ ತಮ್ಮ ಒಬ್ಬರು ಈ ಗುಂಪಿನಲ್ಲಿ ಕೇಳಿದ್ದರು. ಅವರ ಅಕ್ಕ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಅಲ್ಲಿ ಮದ್ಯದಂಗಡಿ ನಡೆಸುವುದು ಸರ್ಕಾರವೇ, ಆದರೂ ಹೆಸರುವಾಸಿ ವೈನ್ ಕೆಲವೊಮ್ಮೆ ಬೇರೆ ರಾಜ್ಯದ ಖಾಸಗಿ ಅಂಗಡಿಗಿಂತ ಅಗ್ಗಕ್ಕೆ ಸಿಗುತ್ತದಂತೆ. ಇದು ಹೇಗೆ, ನಮ್ಮ ಸರ್ಕಾರದ ಎಂಎಸ್‌ಐಎಲ್ ಮದ್ಯದಂಗಡಿಯಲ್ಲಿ ಯಾಕಿಲ್ಲ, ಸರ್ಕಾರ ಹೀಗೆ ವೈನ್ ಕೊಂಡರೆ ನಮ್ಮ ದ್ರಾಕ್ಷಿಗೆ ರೇಟ್ ಸಿಗಬಹುದಾ ಅಂತ ಪ್ರಶ್ನೆ. ಕೆಳಗೆ ಒಬ್ಬರು "ಇದು ದ್ರಾಕ್ಷಿ ಬೆಳೆಗಾರರ ಗುಂಪು, ಕುಡಿಯುವವರ ಗುಂಪಲ್ಲ" ಅಂತ ಬರೆದಿದ್ದಾರೆ. ಅಣ್ಣಾ, ಬೆಳೆದ ಮಾಲು ಎಲ್ಲಿ ಹೋಗುತ್ತದೆ, ಯಾರು ಎಷ್ಟಕ್ಕೆ ಮಾರುತ್ತಾರೆ ಅಂತ ಕೇಳುವುದರಲ್ಲಿ ತಪ್ಪೇನಿದೆ? ನಾನು ಐದು ವರ್ಷ ಎರಡು ಎಕರೆ ಶಿರಾಜ್ ಅನ್ನುವ ವೈನ್ ದ್ರಾಕ್ಷಿ ಬೆಳೆದು ವೈನರಿಗೆ ಕೊಟ್ಟವನು. 2019ರಲ್ಲಿ ಮಗಳ ಮನೆಗೆ ಅಂತ ಅದೇ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ ನಾಲ್ಕು ತಿಂಗಳು ಇದ್ದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ವ್ಯವಸ್ಥೆ. ಅಮೆರಿಕದಲ್ಲಿ ಪಾನನಿಷೇಧ ಮುಗಿದದ್ದು 1933ರ ಡಿಸೆಂಬರ್‌ನಲ್ಲಿ. ಆಮೇಲೆ ಕೆಲವು ರಾಜ್ಯಗಳು ಖಾಸಗಿಯವರಿಗೆ ಲೈಸೆನ್ಸ್ ಕೊಟ್ಟವು, ಕೆಲವು ವ್ಯಾಪಾರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡವು. ಈಗಲೂ 17 ರಾಜ್ಯಗಳು ಒಂದಲ್ಲ ಒಂದು ರೀತಿಯಲ್ಲಿ ತಾವೇ ಮದ್ಯದ ವ್ಯಾಪಾರ ಮಾಡುತ್ತವೆ. ಪೆನ್ಸಿಲ್ವೇನಿಯಾದಲ್ಲಿ ವೈನಿನ ಸಗಟೂ ಸರ್ಕಾರದ್ದು, ಚಿಲ್ಲರೆ ಅಂಗಡಿಯೂ ಬಹುಪಾಲು ಸರ್ಕಾರದ್ದು. ಅಂಗಡಿ ಸುಮಾರು 600. ಕೊಳ್ಳುವ ಕೈ ಮಾತ್ರ ಒಂದೇ. ಜನ ಕುಡಿಯುವುದು ಕಡಿಮೆ ಮಾಡಲಿ ಅಂತ ಶುರುವಾದ ವ್ಯವಸ್ಥೆ ಅದು, ಅಗ್ಗಕ್ಕೆ ಕೊಡಲಿ ಅಂತ ಯಾರೂ ಮಾಡಿದ್ದಲ್ಲ.

ಅಲ್ಲಿನ ತೆರಿಗೆ ಕೇಳಿದರೆ ನಗು ಬರುತ್ತದೆ. 1936ರಲ್ಲಿ ಜಾನ್ಸ್‌ಟೌನ್ ಅನ್ನುವ ಊರಿಗೆ ನೆರೆ ಬಂತು. ಊರು ಕಟ್ಟಲು ತಾತ್ಕಾಲಿಕ ಅಂತ ಮದ್ಯದ ಮೇಲೆ ಶೇ 10 ತೆರಿಗೆ ಹಾಕಿದರು. ಊರು ಎದ್ದು ನಿಂತಿತು, ತೆರಿಗೆ ಹೋಗಲಿಲ್ಲ. ಈಗ ಅದು ಶೇ 18 ಆಗಿದೆ. 2009ರ ನೆರೆ ಕಂಡ ರಾಯಚೂರಿನವರಿಗೆ ನಾನು ಹೆಚ್ಚು ಹೇಳಬೇಕಿಲ್ಲ, ಅಲ್ವಾ? ನೆರೆ ಬೇಗ ಇಳಿಯುತ್ತದೆ, ಕಾಗದ ಪತ್ರ ಇಳಿಯುವುದಿಲ್ಲ.

ಈಗ ಲೆಕ್ಕ ಹಾಕೋಣ. 2016ರಲ್ಲಿ ಕಾನೂನು ಬದಲಾಗುವವರೆಗೂ ಅಂಗಡಿ ನಡೆಸುವ ಅಲ್ಲಿನ ಸರ್ಕಾರಿ ಮದ್ಯ ಮಂಡಳಿ ಎಲ್ಲ ಬಾಟಲಿಗೂ ಒಂದೇ ಸೂತ್ರ ಹಾಕುತ್ತಿತ್ತು. ಕೊಂಡ ಬೆಲೆಯ ಮೇಲೆ ಶೇ 30 ಲಾಭ, ಅದರ ಮೇಲೆ ಶೇ 18 ನೆರೆ ತೆರಿಗೆ, ಕೊನೆಗೆ ಬಿಲ್ ಮಾಡುವಾಗ ಶೇ 6 ಮಾರಾಟ ತೆರಿಗೆ. ಬಾಟಲಿಗೆ ಇಷ್ಟು ಅಂತ ಸಣ್ಣ ಸಾಗಣೆ ಖರ್ಚೂ ಇತ್ತು, ಅದನ್ನು ಸದ್ಯ ಬಿಡಿ. ನಮ್ಮ ರೂಪಾಯಿಯಲ್ಲಿ ನೋಡಿದರೆ, 1,000ಕ್ಕೆ ಕೊಂಡ ಬಾಟಲಿ 1,300 ಆಯಿತು, ತೆರಿಗೆ ಸೇರಿ 1,534, ಕೈಗೆ ಬರುವಾಗ 1,626. ಖಾಸಗಿ ವ್ಯಾಪಾರದಲ್ಲಿ ಡಿಸ್ಟ್ರಿಬ್ಯೂಟರ್ ಶೇ 30 ಇಟ್ಟು, ಅಂಗಡಿಯವನು ಅದರ ಮೇಲೆ ಶೇ 50 ಇಟ್ಟ ಅಂತಿಟ್ಟುಕೊಳ್ಳಿ. ಅದೇ ಬಾಟಲಿ 1,950 ಆಗುತ್ತದೆ, ಅದೂ ತೆರಿಗೆಗೆ ಮೊದಲು. ಖಾಸಗಿಯವರು ಎಲ್ಲರೂ ಇಷ್ಟೇ ಇಡುತ್ತಾರೆ ಅಂತಲ್ಲ, ಪೈಪೋಟಿ ಇರುವ ಊರಲ್ಲಿ ಕಡಿಮೆ ಇಡುತ್ತಾರೆ. ಆದರೆ ಮಧ್ಯೆ ಎರಡು ಕೈ ಇದ್ದರೆ ಎರಡು ಲಾಭ. ಸರ್ಕಾರದ್ದು ಒಂದೇ ಕೈ.

ಇಷ್ಟಕ್ಕೇ ಭಾರಿ ಅಗ್ಗ ಆಗುವುದಿಲ್ಲ. ನಿಜವಾದ ಆಟ ಕೊಳ್ಳುವಾಗ ನಡೆಯುತ್ತದೆ.

ಬಳ್ಳಾರಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ಇದು ಬೇಗ ಗೊತ್ತಾಗುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಹೋದ ವರ್ಷದ ಚೀಲ ಇನ್ನೂ ಕೂತಿದೆ, ಬಾಡಿಗೆ ಓಡುತ್ತಿದೆ, ಹೊಲದಲ್ಲಿ ಹೊಸ ಕಾಯಿ ಕೆಂಪಾಗುತ್ತಿದೆ. ಆಗ ಒಬ್ಬ ಬಂದು "ಪೂರ್ತಿ ಲಾಟ್ ಎತ್ತುತ್ತೇನೆ, ದುಡ್ಡು ಈಗಲೇ" ಅಂದರೆ ನಾವು ಎಷ್ಟಕ್ಕೆ ಕೊಡುತ್ತೇವೆ? ಬಾಯಿ ಮುಚ್ಚಿಕೊಂಡು ಕೊಡುತ್ತೇವೆ. ವೈನರಿಯದ್ದೂ ಅದೇ ಪಾಡು. ಹೊಸ ಕೊಯ್ಲು ಬರುವ ಮುಂಚೆ ಟ್ಯಾಂಕ್ ಖಾಲಿ ಆಗಬೇಕು, ಗೋದಾಮು ಖಾಲಿ ಆಗಬೇಕು. ದುಬಾರಿ ವೈನ್ ಮಾಡುವವನಿಗೆ ಇನ್ನೊಂದು ಕಷ್ಟ. ಮಾರುಕಟ್ಟೆಯಲ್ಲಿ ಬಹಿರಂಗವಾಗಿ ರೇಟ್ ಇಳಿಸಿದರೆ ಹೆಸರು ಹೋಗುತ್ತದೆ, ಮುಂದಿನ ವರ್ಷ ಯಾರೂ ಹಳೇ ಬೆಲೆ ಕೊಡುವುದಿಲ್ಲ. ಒಂದೇ ರಾಜ್ಯಕ್ಕೆ, ಒಬ್ಬನೇ ಗಿರಾಕಿಗೆ, ಸದ್ದಿಲ್ಲದೆ ಪೂರ್ತಿ ಲಾಟ್ ಕೊಟ್ಟರೆ ಬೇರೆ ಕಡೆ ಬೆಲೆ ಹಾಗೇ ಉಳಿಯುತ್ತದೆ.

ಪೆನ್ಸಿಲ್ವೇನಿಯಾದ ಮಂಡಳಿಗೆ 2000ರ ದಶಕದಲ್ಲಿ ಜೊನಾಥನ್ ನ್ಯೂಮನ್ ಅನ್ನುವವರು ಅಧ್ಯಕ್ಷರಾಗಿದ್ದರು. ಈ ಆಟವನ್ನು ಚೆನ್ನಾಗಿ ಆಡಿದವರು ಅವರು. 600 ಅಂಗಡಿಯ ಬಲ ಇಟ್ಟುಕೊಂಡು ವೈನರಿಗಳ ಜೊತೆ ನೇರವಾಗಿ ಚೌಕಾಸಿಗೆ ಕೂತರು. 'ಚೇರ್ಮನ್ಸ್ ಸೆಲೆಕ್ಷನ್' ಅಂತ ಯೋಜನೆಗೆ ಹೆಸರು. 2007ರಲ್ಲಿ ಅವರು ಹುದ್ದೆ ಬಿಟ್ಟರೂ ಯೋಜನೆ ಮುಂದುವರಿಯಿತು. ಮೇಲಿನ ಲೆಕ್ಕಕ್ಕೇ ಹಚ್ಚಿ ನೋಡಿ: 1,000ದ ಬಾಟಲಿಯನ್ನು 600ಕ್ಕೆ ಕೊಂಡರೆ ಲಾಭ, ನೆರೆ ತೆರಿಗೆ, ಮಾರಾಟ ತೆರಿಗೆ ಎಲ್ಲ ಸೇರಿ ಸುಮಾರು 975. ಬೇರೆ ರಾಜ್ಯದ ಅಂಗಡಿಯವನು ಕೊಳ್ಳುವ ಬೆಲೆಗಿಂತ ಕಡಿಮೆ! ಸರ್ಕಾರಕ್ಕೆ ತೆರಿಗೆಯೂ ಬಂತು, ಲಾಭವೂ ಬಂತು. ಯಾರೂ ದಾನ ಮಾಡಲಿಲ್ಲ.

ನಾನು ಆ ಅಂಗಡಿಗೆ ಹೋದಾಗ ರ‍್ಯಾಕಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದರು. ಬೇರೆ ಕಡೆ ಇಷ್ಟು, ಇಲ್ಲಿ ಇಷ್ಟು ಅಂತ ಎರಡು ಬೆಲೆ. ಪಕ್ಕದಲ್ಲಿ ಒಬ್ಬ ವಯಸ್ಸಾದವರು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು, ಬಾಟಲಿಯ ಇಸವಿ (ದ್ರಾಕ್ಷಿ ಕೊಯ್ದ ವರ್ಷ) ನೋಡಿ, ಎರಡು ಬಾಟಲಿ ವಾಪಸ್ ಇಟ್ಟು ನಾಲ್ಕು ಎತ್ತಿಕೊಂಡರು. ಯಾಕೆ ಅಂತ ಕೇಳಿದೆ. "ಆ ಎರಡು ಬೇರೆ ವರ್ಷದ್ದು" ಅಂದರು. ಚೀಟಿಯಲ್ಲಿದ್ದ ದೊಡ್ಡ ಬೆಲೆಯನ್ನು ಅವರು ನೋಡಲೇ ಇಲ್ಲ. ಅದೇ ಸರಿ. 'ಬೇರೆ ಕಡೆ ಇಷ್ಟು' ಅನ್ನುವ ಅಂಕಿಯನ್ನು ಎಲ್ಲೇ ಆಗಲಿ ನಂಬಬೇಡಿ. ನಿಮ್ಮ ಅಕ್ಕನಿಗೂ ಹೇಳಿ: ಹೆಸರು, ಇಸವಿ ಎರಡನ್ನೂ ಫೋನಲ್ಲಿ ಹಾಕಿ ಬೇರೆ ಅಂಗಡಿಗಳ ಬೆಲೆ ನೋಡಿದ ಮೇಲೆ ಬುಟ್ಟಿಗೆ ಹಾಕಲಿ.

ಸ್ವೀಡನ್, ನಾರ್ವೆ ಕಡೆ ಇನ್ನೊಂದು ದಾರಿ. ಅಲ್ಲೂ ಸರ್ಕಾರಿ ಅಂಗಡಿಗಳೇ. ನಾರ್ವೆಯ ವಿನ್‌ಮೊನೊಪೋಲೆ 1922ರದ್ದು, ಸ್ವೀಡನ್ನಿನ ಸಿಸ್ಟಮ್‌ಬೊಲಾಗೆಟ್ 1955ರದ್ದು. ಅಲ್ಲಿ ತೆರಿಗೆ ಬಾಟಲಿಯ ಬೆಲೆ ನೋಡಿ ಬೀಳುವುದಿಲ್ಲ, ಒಳಗಿರುವ ಆಲ್ಕೋಹಾಲ್ ಮತ್ತು ಲೀಟರ್ ನೋಡಿ ಬೀಳುತ್ತದೆ. ಹಾಗಾಗಿ 500ರ ಬಾಟಲಿಗೂ 5,000ದ ಬಾಟಲಿಗೂ ಆ ತೆರಿಗೆ ಸುಮಾರು ಒಂದೇ. ಲೆಕ್ಕಕ್ಕೆ 250 ಅಂತ ಇಟ್ಟರೆ, ಬಡ ಬಾಟಲಿಗೆ ಅದು ಅರ್ಧ ಹೊರೆ, ದೊಡ್ಡ ಬಾಟಲಿಗೆ ಇಪ್ಪತ್ತರಲ್ಲಿ ಒಂದು ಪಾಲು. ಅಂಗಡಿ ಇಡುವ ಲಾಭದ ಸೂತ್ರವೂ ಎಲ್ಲರಿಗೂ ಗೊತ್ತಿರುವಂಥದ್ದು, ನಾರ್ವೆಯಲ್ಲಂತೂ ಬಾಟಲಿಗೆ ಇಷ್ಟಕ್ಕಿಂತ ಜಾಸ್ತಿ ಇಡುವಂತಿಲ್ಲ ಅಂತ ಮಿತಿಯೇ ಇದೆ. ಅದಕ್ಕೇ ಅಲ್ಲಿ ಸಾದಾ ವೈನ್ ಭಾರಿ ದುಬಾರಿ, ಫ್ರಾನ್ಸಿನ ಬರ್ಗಂಡಿಯಂಥ ದೊಡ್ಡ ವೈನ್ ಮಾತ್ರ ಬೇರೆ ದೇಶಕ್ಕೆ ಹೋಲಿಸಿದರೆ ಅಗ್ಗ. ಹೊಸ ಮಾಲು ಬಿಡುವ ದಿನ ಓಸ್ಲೋದ ಅಂಗಡಿ ಮುಂದೆ ಚಳಿಯಲ್ಲಿ ಜನ ಸಾಲು ನಿಲ್ಲುತ್ತಾರೆ. ಬಡವನಿಗೆ ಹೊರೆ, ಉಳ್ಳವನಿಗೆ ಲಾಭ ಅಂತ ನನಗೆ ಅನಿಸಿತು, ಇರಲಿ.

ಹಾಗಂತ ಸರ್ಕಾರಿ ಅಂದ ತಕ್ಷಣ ಅಗ್ಗ ಅಂದುಕೊಳ್ಳಬೇಡಿ. ಕೆನಡಾದ ಒಂಟಾರಿಯೊದಲ್ಲೂ 1927ರಿಂದ ಸರ್ಕಾರಿ ವ್ಯಾಪಾರ, ಕೊಳ್ಳುವುದು ಇನ್ನೂ ದೊಡ್ಡ ಪ್ರಮಾಣದಲ್ಲಿ. ಆದರೆ ಹೊರಗಿನ ವೈನ್ ಮೇಲೆ ಅವರು ಇಡುವ ಲಾಭವೇ ಶೇ 70 ದಾಟುತ್ತದೆ. ಕೊಳ್ಳುವಾಗ ಉಳಿಸಿದ್ದು ಖಜಾನೆಗೆ ಹೋಗುತ್ತದೆ. ಆ ಕಡೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಹೆದ್ದಾರಿ ಪಕ್ಕದಲ್ಲೇ ಸರ್ಕಾರಿ ಅಂಗಡಿ ಕಟ್ಟಿ ಪಕ್ಕದ ರಾಜ್ಯದವರ ದುಡ್ಡು ಎಳೆಯುತ್ತಾರೆ.

ಇನ್ನು ನಮ್ಮ ಕಡೆ ಬನ್ನಿ. ಶಾಲೆಗೆ ಲೇಖಕ್ ನೋಟ್‌ಬುಕ್ ಮಾರುವ ಎಂಎಸ್‌ಐಎಲ್ಲೇ ಮದ್ಯವನ್ನೂ ಮಾರುತ್ತದೆ, ನಿಮಗೆ ಗೊತ್ತಿರುವುದೇ. ಆದರೆ ಅದು ಪೆನ್ಸಿಲ್ವೇನಿಯಾದ ಹಾಗೆ ತಾನೇ ಹೋಗಿ ಚೌಕಾಸಿ ಮಾಡಿ ತರುವುದಿಲ್ಲ. ರಾಜ್ಯದಲ್ಲಿ ಸಗಟು 2003ರಿಂದ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಎಂಎಸ್‌ಐಎಲ್ ಅಂಗಡಿಯೂ, ಪಕ್ಕದ ಖಾಸಗಿ ಲೈಸೆನ್ಸಿನ ಸಿಎಲ್-2 ಅಂಗಡಿಯೂ ಅದೇ ಡಿಪೋದಿಂದ ಮಾಲು ತರುತ್ತವೆ. ಎಂಆರ್‌ಪಿ ಬಾಟಲಿ ಮೇಲೆ ಅಚ್ಚಾಗಿಯೇ ಬರುತ್ತದೆ. ಎಂಎಸ್‌ಐಎಲ್‌ನಿಂದ ನಮಗಿರುವ ಲಾಭ ಒಂದೇ, ಎಂಆರ್‌ಪಿ ಮೇಲೆ ಹತ್ತು ಇಪ್ಪತ್ತು ಕೇಳುವುದಿಲ್ಲ.

ಒಂದು ಒಳ್ಳೆ ಲಾಟ್ ಅಗ್ಗಕ್ಕೆ ಸಿಕ್ಕಿತು ಅನ್ನಿ, ಆದರೂ ಇಲ್ಲಿ ಬರುವುದು ಕಷ್ಟ. ಪ್ರತಿ ಲೇಬಲ್‌ಗೂ ಅಬಕಾರಿ ಇಲಾಖೆಯಲ್ಲಿ ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು, ಅದನ್ನು ವರ್ಷ ವರ್ಷವೂ ಮಾಡಬೇಕು. ಇನ್ನೂರು ಪೆಟ್ಟಿಗೆಯ ಲಾಟ್‌ಗೆ ಯಾರು ಆ ಖರ್ಚು ಹಾಕುತ್ತಾರೆ? ಹೊರದೇಶದ್ದಾದರೆ ಕಸ್ಟಮ್ಸ್ ಸುಂಕ ಬೇರೆ, ಅದು ವರ್ಷಗಟ್ಟಲೆ ಶೇ 150 ಇತ್ತು. ಆಸ್ಟ್ರೇಲಿಯಾ ಜೊತೆ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಸ್ವಲ್ಪ ಇಳಿಯಿತು. ಅಲ್ಲೂ ನೋಡಿ, ಶುರುವಿನಲ್ಲಿ 5 ಅಮೆರಿಕನ್ ಡಾಲರ್ ದಾಟಿದ ಬಾಟಲಿಗೆ ಶೇ 100, 15 ಡಾಲರ್ ದಾಟಿದ್ದಕ್ಕೆ ಶೇ 75 ಮಾಡಿದರು. ಇಲ್ಲೂ ದೊಡ್ಡ ಬಾಟಲಿಗೇ ರಿಯಾಯಿತಿ.

ಎಲ್ಲಕ್ಕಿಂತ ದೊಡ್ಡ ಮಾತು, ನಮ್ಮಲ್ಲಿ ಅಂಗಡಿ ಹೆಸರು ವೈನ್ ಶಾಪ್, ಕೌಂಟರ್‌ನಲ್ಲಿ ಕೇಳುವುದು ಕ್ವಾರ್ಟರ್. ವೈನ್ ಬಾಟಲಿ ಮೇಲಿನ ರ‍್ಯಾಕಿನಲ್ಲಿ ಟ್ಯೂಬ್‌ಲೈಟ್ ಪಕ್ಕ ನಿಂತೇ ಇರುತ್ತದೆ. ರಾಯಚೂರಿನ ಬೇಸಿಗೆ 42 ಡಿಗ್ರಿ. ಹೋದ ಮೇ ತಿಂಗಳಲ್ಲಿ ನಾನೇ ಒಂದು ಬಾಟಲಿ ಕೈಗೆತ್ತಿಕೊಂಡೆ. ಕಾರ್ಕ್ ಒಳಗಿಂದ ಉಬ್ಬಿ ಮೇಲಿನ ಹೊದಿಕೆ ಎತ್ತಿತ್ತು, ಕುತ್ತಿಗೆ ಸುತ್ತ ಅಂಟಂಟು ಕಲೆ. ಒಳಗೆ ಬೆಂದು ಹೋಗಿದೆ ಅಂತ ಅರ್ಥ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಇಲ್ಲಿ ಕೊಳ್ಳುವುದಾದರೆ ತಿರುಪು ಮುಚ್ಚಳದ್ದು ನೋಡಿ. ಬಿಳಿ ವೈನ್ ಆದರೆ ಎರಡು ಮೂರು ವರ್ಷಕ್ಕಿಂತ ಹಳೆಯದು ಬೇಡ. ರ‍್ಯಾಕಿನದ್ದು ಬಿಟ್ಟು ಕೆಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಅಂತ ಕೇಳಿ, ಕೊಡುತ್ತಾರೆ. ನಮ್ಮ ಹಂಪಿ ಹಿಲ್ಸ್ ಕಡೆ ಕೃಷ್ಮಾದವರು ಕ್ಯಾಬರ್ನೆ, ಸಿರಾ (ಅದೇ ಶಿರಾಜ್) ದ್ರಾಕ್ಷಿ ಬೆಳೆದು ಒಳ್ಳೆ ವೈನ್ ಮಾಡುತ್ತಾರೆ. ಅಂಥ ಬಾಟಲಿಗೆ ವೈನನ್ನೇ ಮಾರುವ, ಎಸಿ ಇರುವ ಅಂಗಡಿಯೇ ವಾಸಿ. ಅಗ್ಗ ಅಂತ ಪಕ್ಕದ ರಾಜ್ಯದಿಂದ ಪರ್ಮಿಟ್ ಇಲ್ಲದೆ ತರಲು ಹೋಗಬೇಡಿ, ಚೆಕ್‌ಪೋಸ್ಟ್‌ನಲ್ಲಿ ಸಿಕ್ಕರೆ ಕೇಸು.

ಕೊನೆಯ ಪ್ರಶ್ನೆ, ದ್ರಾಕ್ಷಿ ರೇಟ್. ತಮ್ಮಾ, ಇಲ್ಲಿ ಸ್ವಲ್ಪ ಹುಷಾರು. ಒಬ್ಬನೇ ದೊಡ್ಡ ಗಿರಾಕಿ ಬಂದರೆ ವೈನರಿಯನ್ನು ಹಿಂಡುತ್ತಾನೆ, ವೈನರಿ ನಮ್ಮನ್ನು ಹಿಂಡುತ್ತದೆ. ನಾನು ಕಂಡಿದ್ದು ಹೇಳುತ್ತೇನೆ. ಮೂರನೇ ವರ್ಷ, ಫೆಬ್ರುವರಿ. ಹಣ್ಣಿನ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಗಾಜಿನ ಮೇಲೆ ಒಂದು ಹನಿ ಹಿಂಡಿ ನೋಡಿದೆ, 23 ತೋರಿಸಿತು. ಫೋನ್ ಮಾಡಿದೆ, "ಇನ್ನು ನಾಲ್ಕು ದಿನ ಬಿಡಿ" ಅಂದರು. ನಾಲ್ಕು ಹತ್ತಾಯಿತು. ಹಣ್ಣು ಸುಕ್ಕುಗಟ್ಟಿತು, ಬ್ರಿಕ್ಸ್ 26ಕ್ಕೆ ಏರಿತು, ತೂಕ ಇಳಿಯಿತು. ನನಗೆ ದುಡ್ಡು ಕೊಡುವುದು ಕಿಲೋ ಲೆಕ್ಕದಲ್ಲಿ. ಆಮೇಲೆ ಗೊತ್ತಾಯಿತು, ಹಿಂದಿನ ವರ್ಷದ ವೈನ್ ಮಾರಾಟವಾಗಿರಲಿಲ್ಲ, ಟ್ಯಾಂಕ್ ಖಾಲಿ ಇರಲಿಲ್ಲ. ಹ್ಯಾರಿಸ್‌ಬರ್ಗ್‌ನಲ್ಲಿ ಆ ಎರಡು ಬೆಲೆಯ ಚೀಟಿ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಆ ಹತ್ತು ದಿನ.

ಅದಕ್ಕೇ ಯಾವ ವೈನರಿ ಜೊತೆ ಕರಾರು ಮಾಡಿದರೂ ಎರಡು ಸಾಲು ಬರೆಸಿಕೊಳ್ಳಿ. ಬ್ರಿಕ್ಸ್ ಇಷ್ಟು ಮುಟ್ಟಿದ ಮೇಲೆ ಇಷ್ಟು ದಿನದೊಳಗೆ ಕೊಯ್ಯಬೇಕು, ತಡವಾದರೆ ತೂಕದ ನಷ್ಟ ಅವರದ್ದು. ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಆದರೆ ಒಣಗಿಸಿ ಒಣದ್ರಾಕ್ಷಿ ಮಾಡಬಹುದು, ಸಂತೆಗೂ ಒಯ್ಯಬಹುದು. ಶಿರಾಜ್ ಬೀಜದ ಸಣ್ಣ ಹಣ್ಣು, ವೈನರಿ ಬಿಟ್ಟರೆ ಕೇಳುವವರಿಲ್ಲ. ಜೊತೆಗೆ ಗುಣಮಟ್ಟಕ್ಕೆ ಅಂತ ಎಕರೆಗೆ ಮೂರು ನಾಲ್ಕು ಟನ್‌ಗೇ ನಿಲ್ಲಿಸು ಅನ್ನುತ್ತಾರೆ. ಕಿಲೋ ರೇಟ್ ಕೇಳುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಕ್ಕ ಊರಿಗೆ ಬರುವಾಗ ತರಲಿ ಅಂತಿದ್ದರೆ, ಸುಂಕವಿಲ್ಲದೆ 2 ಲೀಟರ್ ತರಬಹುದು, ಅಂದರೆ 750 ಎಂಎಲ್‌ನ ಎರಡು ಬಾಟಲಿ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಬ್ಯಾಗಿನ ನಡುವೆ ದಪ್ಪ ಬಟ್ಟೆ ಸುತ್ತಿ ಇಡಲಿ. ಕೊಳ್ಳುವ ಮುಂಚೆ ಲೇಬಲ್ ಫೋಟೊ ಇಲ್ಲಿ ಹಾಕಿ, ಇಸವಿ ಕಾಣುವ ಹಾಗೆ.