ಉಗ್ರಾಣದ ಮುಂದೆ ಕಾರುಗಳ ಸಾಲು

ಪ್ರಶ್ನೆ: ಕೋವಿಡ್ ಸಮಯದಲ್ಲಿ ಅಮೆರಿಕದ ಆಹಾರ ಬ್ಯಾಂಕುಗಳ ಮುಂದೆ ಸಾವಿರಾರು ಕಾರುಗಳು ನಿಂತಿದ್ದ ಚಿತ್ರಗಳನ್ನು ನೋಡಿದ್ದೆ. ಪ್ರಾದೇಶಿಕ ಆಹಾರ ಬ್ಯಾಂಕ್ ಎಂದರೇನು? ಕಾರುಳ್ಳವರಿಗೂ ಅದರ ನೆರವು ಬೇಕಾದದ್ದು ಏಕೆ?

ಉತ್ತರ: ಹೆಸರು ಬ್ಯಾಂಕ್ ಎಂದಿದ್ದರೂ ಅದು ಒಂದು ದೊಡ್ಡ ಉಗ್ರಾಣ. ಅಂಗಡಿ, ಕಾರ್ಖಾನೆ ಮತ್ತು ಹೊಲಗಳಲ್ಲಿ ಮಾರಾಟವಾಗದೆ ಉಳಿದ, ಆದರೆ ಉಣ್ಣಲು ಯೋಗ್ಯವಾದ ಆಹಾರವನ್ನು ಅದು ಸಂಗ್ರಹಿಸಿ, ತನ್ನ ವ್ಯಾಪ್ತಿಯ ಚರ್ಚು, ಶಾಲೆ, ವೃದ್ಧರ ಕೇಂದ್ರಗಳಂಥ ವಿತರಣಾ ತಾಣಗಳಿಗೆ ಕಳುಹಿಸುತ್ತದೆ. ಇಂಥ ಮೊದಲ ಉಗ್ರಾಣವನ್ನು 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಆರಂಭಿಸಿದರು. ಇಂದು ‘ಫೀಡಿಂಗ್ ಅಮೆರಿಕ’ ಜಾಲದಲ್ಲಿ ಸುಮಾರು 200 ಬ್ಯಾಂಕುಗಳಿವೆ.

ಕಾರು ಹಿಂದಿನ ಸಂಬಳದ ಗುರುತೇ ಹೊರತು ಇಂದಿನ ಊಟದ ಖಾತರಿಯಲ್ಲ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ನಿರುದ್ಯೋಗ ಪ್ರಮಾಣ ಶೇಕಡಾ 14ನ್ನು ದಾಟಿತ್ತು. ಅದೇ ತಿಂಗಳ 9ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಒಂದೇ ದಿನ ಸುಮಾರು 10,000 ಕುಟುಂಬಗಳು ಆಹಾರಕ್ಕಾಗಿ ಬಂದಿದ್ದವು.

ಬೇಡಿಕೆ ಏರಿದ ಹೊತ್ತಿಗೇ ಬ್ಯಾಂಕುಗಳಿಗೆ ಆಹಾರ ಬರುವ ದಾರಿಯೂ ಬತ್ತಿತು. ಜನರು ಮುಗಿಬಿದ್ದು ಕೊಂಡದ್ದರಿಂದ ಅಂಗಡಿಗಳಲ್ಲಿ ದಾನ ಮಾಡಲು ಹೆಚ್ಚೇನೂ ಉಳಿಯಲಿಲ್ಲ. ಸ್ವಯಂಸೇವಕರಲ್ಲಿ ಅನೇಕರು ಸೋಂಕಿನ ಅಪಾಯ ಹೆಚ್ಚಿದ್ದ ಹಿರಿಯರಾದ್ದರಿಂದ ಮನೆಯಲ್ಲೇ ಉಳಿದರು, ಹಲವೆಡೆ ಅವರ ಜಾಗದಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಸೈನಿಕರು ಪೆಟ್ಟಿಗೆ ಕಟ್ಟಿದರು. ವಿಪರ್ಯಾಸವೆಂದರೆ, ಹೋಟೆಲು ಮತ್ತು ಶಾಲೆಗಳು ಮುಚ್ಚಿ ಕೊಳ್ಳುವವರಿಲ್ಲದೆ, ಕೆಲವು ರೈತರು ಹಾಲನ್ನು ನೆಲಕ್ಕೆ ಸುರಿಯುತ್ತಿದ್ದ ದಿನಗಳೂ ಅವೇ. ಆ ಹೆಚ್ಚುವರಿಯನ್ನು ಹಸಿದವರಿಗೆ ತಲುಪಿಸಲು ಸರ್ಕಾರ ಮೇ 2020ರಿಂದ ಒಂದು ವರ್ಷ ರೈತರಿಂದ ಕುಟುಂಬಗಳಿಗೆ ಆಹಾರದ ಪೆಟ್ಟಿಗೆ ನೀಡುವ ಯೋಜನೆ ನಡೆಸಿತು.

ಪಡೆಯುವವರು ಕಾರಿನಿಂದ ಇಳಿಯದೆ ಡಿಕ್ಕಿ ತೆರೆದರೆ ಸಾಕು, ಪೆಟ್ಟಿಗೆ ಒಳಗೆ ಸೇರುತ್ತಿತ್ತು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುವ ಅವಕಾಶ ಇದರಿಂದ ತಪ್ಪಿತು, ಸಕ್ಕರೆ ಕಾಯಿಲೆಯವರಿಗೆ ಅದು ಸಣ್ಣ ವಿಷಯವಲ್ಲ. ಕಾರೇ ಇಲ್ಲದವರ ಮತ್ತು ಹೊರಬರಲಾಗದ ವೃದ್ಧರ ಮನೆಬಾಗಿಲಿಗೆ ಕೆಲವು ಬ್ಯಾಂಕುಗಳು ಪೆಟ್ಟಿಗೆ ಕಳುಹಿಸಿದವು. ನನ್ನ ದೃಷ್ಟಿಯಲ್ಲಿ, ಚಿತ್ರಗಳಲ್ಲಿ ಕಾಣದ ಆ ಕೆಲಸವೇ ಹೆಚ್ಚು ಕಠಿಣವಾದದ್ದು.

ಪ್ರಶ್ನೆ: ಇದಕ್ಕೆ ಆದಾಯದ ಪ್ರಮಾಣಪತ್ರ ಬೇಕೇ?

ಉತ್ತರ: ಸರ್ಕಾರ ಒದಗಿಸುವ ಆಹಾರಕ್ಕೆ ಆಯಾ ರಾಜ್ಯವು ಆದಾಯದ ಮಿತಿ ಗೊತ್ತುಪಡಿಸುತ್ತದೆಯಾದರೂ, ಸಾಮಾನ್ಯವಾಗಿ ಪಡೆಯುವವರ ಸ್ವಂತ ಹೇಳಿಕೆಯನ್ನೇ ಒಪ್ಪುತ್ತಾರೆ. ಸೋಂಕಿನ ಕಾಲದಲ್ಲಿ ಪೆನ್ನು ಕೈಯಿಂದ ಕೈಗೆ ಹೋಗಬಾರದೆಂದು ಹಲವೆಡೆ ಸಹಿಯನ್ನೂ ಕೈಬಿಟ್ಟಿದ್ದರು.