ಮೇಜಿನ ಮೇಲಿಟ್ಟು ಹೊಲಿಯುವ ಮಷೀನ್ ಹೊತ್ತೊಯ್ಯಲು ಮನೆಯಲ್ಲೇ ಚೀಲ ಹೊಲಿದರೆ ಭಾರ ತಡೆಯುತ್ತದಾ?

ಧಾರಾಳವಾಗಿ ತಡೆಯುತ್ತದೆ. ಮೇಜಿನ ಮೇಲಿಟ್ಟು ಹೊಲಿಯುವ ಮಷೀನ್ ಅಂದಿದ್ದೀರಿ. ಅಂಥವು ಸಾಮಾನ್ಯವಾಗಿ 6-7 ಕಿಲೋ ತೂಗುತ್ತವೆ. ದಪ್ಪ ಕ್ಯಾನ್ವಾಸ್‌ಗೆ ಅದೇನೂ ಲೆಕ್ಕವಲ್ಲ. ಇಂಥ ಚೀಲಗಳಲ್ಲಿ ಬಟ್ಟೆ ಹರಿಯುವುದು ಕಡಿಮೆ, ಹಿಡಿ ಹೊಲಿದ ಜಾಗ ಕಿತ್ತು ಬರುವುದೇ ಜಾಸ್ತಿ. ನಾನು ತಲೆಕೆಡಿಸಿಕೊಳ್ಳುವುದೂ ಅದೊಂದಕ್ಕೇ.

ಹಿಡಿಯನ್ನು ಚೀಲದ ಬಾಯಿ ಹತ್ತಿರ ಸುಮ್ನೆ ಅಂಟಿಸಿದ ಹಾಗೆ ಹೊಲಿಯಬೇಡಿ. ಒಂದೂವರೆ ಇಂಚಿನ ನೈಲಾನ್ ಪಟ್ಟಿ ತಗೊಳ್ಳಿ. ಅದು ಚೀಲದ ತಳದಡಿಯಿಂದ ಹೊರಟು, ಮುಂಭಾಗದಲ್ಲಿ ಮೇಲೇರಿ, ಹಿಡಿಯಾಗಿ, ಮತ್ತೆ ಕೆಳಗಿಳಿದು ತಳದಡಿ ಹಾಯಬೇಕು. ಹಿಂಭಾಗದಲ್ಲೂ ಹಾಗೆಯೇ ಸುತ್ತಿ ಬಂದು, ಎರಡು ತುದಿಗಳೂ ತಳದಡಿಯಲ್ಲೇ ಕೂಡಬೇಕು. ಆಗ ಮಷೀನ್ ಕೂರುವುದು ಪಟ್ಟಿಯ ಮೇಲೆ, ಹೊಲಿಗೆಗೆ ಜಗ್ಗಾಟ ಕಡಿಮೆ. ಜಿಪ್‌ಗಿಂತ ಎರಡು ಇಂಚು ಕೆಳಗೇ ಪಟ್ಟಿಯ ಹೊಲಿಗೆ ನಿಲ್ಲಿಸಿ, ಅಲ್ಲಿ ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಿರಿ. ಪಟ್ಟಿಯ ತುದಿಯನ್ನು ಮೇಣದಬತ್ತಿಗೆ ಹಿಡಿದು ಲೇಸಾಗಿ ಕರಗಿಸಿದರೆ ಎಳೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಮೋಟಾರು ಇರುವುದು ಕೈಚಕ್ರದ ಕಡೆ, ಹಾಗಾಗಿ ಆ ಕಡೆ ಭಾರ ಹೆಚ್ಚು. ಪಟ್ಟಿಗಳನ್ನು ಸರಿಯಾಗಿ ನಡುವಿಗೆ ಇಟ್ಟರೆ ಎತ್ತಿದಾಗ ಚೀಲ ಒಂದು ಕಡೆ ವಾಲುತ್ತದೆ. ಮಷೀನ್‌ಗೇ ಒಂದು ಹಿಡಿ ಇರುತ್ತದಲ್ವಾ, ಅದನ್ನು ಹಿಡಿದು ಎತ್ತಿ ನೋಡಿ. ವಾಲದೆ ನಿಂತರೆ ಅದರ ಎಡಬಲಕ್ಕೆ ಸಮದೂರದಲ್ಲಿ ಪಟ್ಟಿ ಬರಲಿ.

ಅಳತೆಗೆ ಮೊದಲು ರೀಲು ಕಡ್ಡಿ ಮಡಚಿ, ಸೂಜಿ ಇಳಿಸಿ, ವೈರು ಕಳಚಿ. ಕೈಚಕ್ರವನ್ನೂ ಸೇರಿಸಿ ಅಳೆಯಿರಿ. ಉದ್ದ 40 ಸೆಂ.ಮೀ. ಬಂತು, ಒಳಗೆ ಮೆತ್ತೆಯಾಗಿ ಹಾಕುವ ಫೋಮ್ 1 ಸೆಂ.ಮೀ. ದಪ್ಪ ಅಂದುಕೊಳ್ಳಿ. ಎರಡೂ ಕಡೆಯ ಫೋಮ್‌ಗೆ 2, ಸಡಿಲಕ್ಕೆ 2, ಹೊಲಿಗೆ ಅಂಚಿಗೆ 3 ಸೇರಿಸಿ 47 ಸೆಂ.ಮೀ. ಕತ್ತರಿಸಬೇಕು. ಹತ್ತಿಯ ಕ್ಯಾನ್ವಾಸ್ ಆದರೆ ಮೊದಲೇ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಫೋಮನ್ನು ಹೊಲಿಗೆಯೊಳಗೆ ಸೇರಿಸಬೇಡಿ. ಬಟ್ಟೆಗೂ ಲೈನಿಂಗ್‌ಗೂ ನಡುವೆ ತೂರಿಸಿದರೆ ಸಾಕು. ತಳಕ್ಕೆ ತೆಳು ಪ್ಲೈವುಡ್ ತುಂಡು ಬೇಕೇ ಬೇಕು. ಅದನ್ನು ಬಿಡಿಯಾಗಿಯೇ ಇಟ್ಟುಕೊಳ್ಳಿ, ಒಗೆಯುವಾಗ ತೆಗೆಯಬಹುದು.

ದಾರ ಪಾಲಿಯೆಸ್ಟರ್, ಸೂಜಿ 16ನೇ ನಂಬರು, ಪಟ್ಟಿ ಹೊಲಿಯುವಾಗ 18. ಟಾಕಾ, ಅಂದರೆ ಒಂದೊಂದು ಹೊಲಿಗೆ, 3.5 ಮಿ.ಮೀ. ಉದ್ದ ಇರಲಿ. ನಾಲ್ಕೈದು ಪದರ ಸೇರುವಲ್ಲಿ ಪೆಡಲ್ ಒತ್ತಲೇಬೇಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೂಜಿ ಇಳಿಯದಿದ್ದರೆ ಬಲವಂತ ಬೇಡ. ಅಷ್ಟು ಭಾಗವನ್ನು ದಪ್ಪ ದಾರದಲ್ಲಿ ಕೈಯಿಂದಲೇ ಹೊಲಿದರೂ ಗಟ್ಟಿಯಾಗಿಯೇ ಇರುತ್ತದೆ.

ಜಿಪ್ ದೊಡ್ಡ ಹಲ್ಲಿನದು, ಎರಡು ಎಳೆಯುವ ಗುಂಡಿ ಇರುವುದನ್ನು ತಗೊಳ್ಳಿ. ಪೆಡಲ್‌ಗೆ ಹೊರಗಡೆ ಬೇರೆ ಜೇಬು ಮಾಡಿ, ಒಳಗೆ ಹಾಕಿದರೆ ಮಷೀನ್‌ಗೆ ಬಡಿದು ಬಣ್ಣ ಕಿತ್ತುಬಿಡುತ್ತದೆ. ಆ ಜೇಬು ಸೂಜಿಯ ಕಡೆ ಬರಲಿ, ಹಗುರ ಇರುವುದು ಆ ಬದಿಯೇ.